ಸ್ಪಿಂಡಲ್ ತೂತು ಅಳೆದು ಆಮೇಲೆ ಲೇತ್ ತಗೊಳ್ಳಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಯಾದಗಿರಿ ಕಡೆಯ ಒಬ್ಬ ಹುಡುಗ ನಮ್ಮ ಶೆಡ್ಡಿಗೆ ಬಂದಿದ್ದ. ಹೆಗಲ ಮೇಲೆ ಪೂಲ್ ಸ್ಟಿಕ್ಕಿನ ಚೀಲ, ಆಟೋದಲ್ಲಿ ಹೊಚ್ಚ ಹೊಸ ಪುಟ್ಟ ಲೇತ್, ಅಂದರೆ ವಸ್ತುವನ್ನು ತಿರುಗಿಸುತ್ತಾ ಕಡೆಯುವ ಮಷಿನ್. ನಲವತ್ತು ಕೆಜಿ ಭಾರದ ಅದನ್ನು ಬಸ್ಸಿಗೆ ಹೇರಿಕೊಂಡು ಬಂದಿದ್ದಾನೆ. ಪ್ಯಾಕಿಂಗ್ ಗ್ರೀಸ್ ಕೂಡ ಇನ್ನೂ ಪೂರ್ತಿ ಒರೆಸಿರಲಿಲ್ಲ. "ಕಾಕಾ, ಇದರೊಳಗ ಸ್ಟಿಕ್ ಹೋಗವಲ್ದು. ತೂತು ಸ್ವಲ್ಪ ದೊಡ್ಡದು ಮಾಡಿ ಕೊಡ್ರಿ" ಅಂದ. ಸ್ಪಿಂಡಲ್ (ಲೇತಿನಲ್ಲಿ ತಿರುಗುವ ಟೊಳ್ಳು ದಂಡ) ತೂತು ಹಾಗೆಲ್ಲ ದೊಡ್ಡದು ಮಾಡೋಕೆ ಬರಲ್ಲಪ್ಪ, ಅದರ ಗೋಡೆ ತೆಳ್ಳಗಾಗುತ್ತೆ, ಹೊರಗಡೆ ಬೇರಿಂಗ್ ಕೂತಿದೆ ಅಂತ ಹೇಳಿದೆ. ಅವನ ಮುಖ ಸಣ್ಣದಾಯಿತು. ಅವ್ವ ಕೂಡಿಟ್ಟಿದ್ದ ದುಡ್ಡು ಹಾಕಿ ತಂದಿದ್ದನಂತೆ. ಊರಲ್ಲಿ ಎರಡು ಪೂಲ್ ಪಾರ್ಲರ್ ಇವೆ, ಸ್ಟಿಕ್ ರಿಪೇರಿ ಮಾಡಿಕೊಂಡು ಇರೋಣ ಅಂತ ಅವನ ಆಸೆ. ಆಸೆ ತಪ್ಪಲ್ಲ. ಆದರೆ ಮಷಿನ್ ಕೊಳ್ಳುವಾಗ ಯಾವುದನ್ನು ಮೊದಲು ನೋಡಬೇಕು ಅಂತ ಅವನಿಗೆ ಯಾರೂ ಹೇಳಲಿಲ್ಲ. ನನಗೂ ಆರು ವರ್ಷದ ಹಿಂದೆ ಯಾರೂ ಹೇಳಿರಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆದರೂ ಹಾಕಿ, ನಮ್ಮ ಭಾಗದ ನಾಲ್ಕು ಹುಡುಗರಿಗೆ ಉಪಯೋಗ ಆಗುತ್ತೆ.

ನಾನು ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಟರ್ನರ್. ದಾಲ್ ಮಿಲ್ಲಿನ ರೋಲರ್, ಬೋರ್‌ವೆಲ್ ಪಂಪಿನ ಶಾಫ್ಟ್, ಟ್ರ್ಯಾಕ್ಟರಿನ ಪಿನ್ನು, ಬುಶ್ಶು, ಇವೇ ನಮ್ಮ ಕೆಲಸ. ತೊಗರಿ ಹಂಗಾಮು ಬಂತು ಅಂದರೆ ಊಟಕ್ಕೂ ಪುರುಸೊತ್ತಿರಲ್ಲ. ನನ್ನ ಅಕ್ಕನ ಮಗ ಸೇಡಂ ರಸ್ತೆಯಲ್ಲಿ ಎರಡು ಟೇಬಲ್ ಹಾಕಿ ಪಾರ್ಲರ್ ತೆರೆದಾಗ ಮೊದಲ ಸಲ ಸ್ಟಿಕ್ ನನ್ನ ಕೈಗೆ ಬಂತು. ತುದಿಯ ಚರ್ಮದ ಟಿಪ್ ಕಿತ್ತು ಹೋಗಿತ್ತು. ಆಗೆಲ್ಲ ಒಳ್ಳೆ ಸ್ಟಿಕ್ಕಿಗೆ ಟಿಪ್ ಹಾಕಿಸಬೇಕಂದರೆ ಹೈದರಾಬಾದಿಗೆ ಕಳಿಸುತ್ತಿದ್ದರು. ಇನ್ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಒಂದು ಬೆರಳ ಉಗುರಿನಷ್ಟು ಚರ್ಮಕ್ಕೋಸ್ಕರ! ಸ್ನೂಕರ್ ಹುಟ್ಟಿದ್ದು 1875ರಲ್ಲಿ ನಮ್ಮದೇ ದೇಶದ ಜಬಲ್ಪುರದಲ್ಲಿ, ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಆಟ ಕಲಿತು ಬೆಳೆದದ್ದು ನಮ್ಮದೇ ರಾಜ್ಯದ ಬೆಂಗಳೂರಿನಲ್ಲಿ. ಆದರೂ ನಮ್ಮ ಕಡೆ ಹುಡುಗ ಸ್ಟಿಕ್ ಕೈಗೆ ಬರುವ ತನಕ ಎರಡು ವಾರ ಆಟ ಬಿಟ್ಟು ಕೂರಬೇಕಿತ್ತು.

ಹೈದರಾಬಾದಿಗೆ ಕಳಿಸದವರು ಏನು ಮಾಡುತ್ತಿದ್ದರು? ಬ್ಲೇಡಿನಿಂದ ಹಳೇ ಟಿಪ್ ಕೆರೆದು, ಫೆವಿಕ್ವಿಕ್ ಹಾಕಿ ಹೊಸದು ಒತ್ತಿ, ಸುತ್ತ ಮರಳು ಕಾಗದ ತಿಕ್ಕುವುದು. ಇದರಲ್ಲಿ ಎರಡು ಹಾನಿ ಇದೆ. ಒಂದು, ಟಿಪ್ ಕೂರುವ ಮುಖ ಓರೆ ಆಗುತ್ತೆ. ಕಣ್ಣಿಗೆ ಕಾಣಲ್ಲ, ಆದರೆ ಅಂಟು ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ, ನಾಲ್ಕು ದಿನಕ್ಕೆ ಟಿಪ್ ಹಾರಿ ಹೋಗುತ್ತೆ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಟಿಪ್ ಅಂಚು ಸರಿ ಮಾಡುವ ನೆಪದಲ್ಲಿ ಕಾಗದ ಕೆಳಗಿನ ಫೆರೂಲ್‌ಗೂ (ಟಿಪ್ ಕೂರುವ ಪುಟ್ಟ ಬಳೆ) ಮರಕ್ಕೂ ತಾಗುತ್ತೆ. 13 ಮಿ.ಮೀ. ಇದ್ದ ತುದಿ ಎರಡು ವರ್ಷದಲ್ಲಿ ಹನ್ನೆರಡೂವರೆಗೆ ಇಳಿದಿರುವ ಸ್ಟಿಕ್ಕುಗಳನ್ನು ವರ್ನಿಯರ್ ಹಿಡಿದು ನಾನೇ ಅಳೆದಿದ್ದೇನೆ. ಹೋದ ಮರ ವಾಪಸ್ ಬರುತ್ತಾ? ಪಾರ್ಲರ್ ನಡೆಸುವವರಿಗೆ ನನ್ನದೊಂದು ವಿನಂತಿ. ಶಾಫ್ಟ್, ಅಂದರೆ ಸ್ಟಿಕ್ಕಿನ ಮುಂದಿನ ಅರ್ಧ, ಅಂಟಂಟು ಆಗಿದ್ದರೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ತಿಕ್ಕಿ. ಮರಳು ಕಾಗದ ಮುಟ್ಟಬೇಡಿ.

ಈಗ ಲೇತ್ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು ಕೇಳುವುದು ಬೆಲೆ, ಆಮೇಲೆ ಬೆಡ್ (ಮಷಿನ್ನಿನ ಉದ್ದನೆ ಅಡಿಪಾಯ) ಎಷ್ಟು ಉದ್ದ ಅಂತ. ಸ್ಟಿಕ್ ಕೆಲಸಕ್ಕೆ ಮೊದಲು ಕೇಳಬೇಕಾದದ್ದು ಸ್ಪಿಂಡಲ್ ತೂತು ಎಷ್ಟು ಅಂತ. ಯಾಕೆ ಅಂದರೆ ಸ್ಟಿಕ್ ಉದ್ದದ ವಸ್ತು. ಪೂರ್ತಿ ಸೇರಿಸಿದರೆ ಸುಮಾರು 58 ಇಂಚು, ನಡುವೆ ಬಿಚ್ಚಿದರೆ ಒಂದೊಂದು ಭಾಗ 29 ಇಂಚು. ಕೆಲಸ ಇರುವುದು ತುದಿಯಲ್ಲಿ ಒಂದೆರಡು ಇಂಚು ಮಾತ್ರ. ಉಳಿದ ಉದ್ದ ಎಲ್ಲಿಗೆ ಹೋಗಬೇಕು? ವಸ್ತುವನ್ನು ಕಚ್ಚಿ ಹಿಡಿಯುವ ಚಕ್ಕಿನೊಳಗೆ ಹಾದು, ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕ್ ದಾಟಿ, ಹಿಂದಿನಿಂದ ಹೊರಗೆ ಬರಬೇಕು. ತೂತು ಸಾಲದಿದ್ದರೆ ಬೆಡ್ ಆದರೂ ಅಷ್ಟು ಉದ್ದ ಇರಬೇಕು. ಎರಡೂ ಇಲ್ಲದ ಮಷಿನ್ ಎಷ್ಟು ನುಣ್ಣಗಿದ್ದರೇನು.

ಅಳತೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಪೂಲ್ ಸ್ಟಿಕ್ಕಿನ ಟಿಪ್ ಕಡೆ ಸಾಮಾನ್ಯವಾಗಿ 12ರಿಂದ 13 ಮಿ.ಮೀ. ಸ್ನೂಕರ್ ಸ್ಟಿಕ್ ಇನ್ನೂ ಸಣ್ಣ, 9ರಿಂದ 10. ಪೂಲ್ ಶಾಫ್ಟ್ ಜಾಯಿಂಟ್ (ಎರಡು ಭಾಗ ಸೇರುವ ಜಾಗ) ಕಡೆಗೆ ಬಂದಾಗ ಸುಮಾರು 21 ಮಿ.ಮೀ. ಆಗಿರುತ್ತೆ. ಹಿಡಿಯ ಕೊನೆ, ರಬ್ಬರ್ ಬುಶ್ ಇರುವ ಜಾಗ, 32ರ ಹತ್ತಿರ. ಈಗ ಆನ್‌ಲೈನಲ್ಲಿ ಸಿಗುವ ಪುಟ್ಟ ಲೇತ್ ನೋಡಿ, ಏಳು ಇಂಚು ಸ್ವಿಂಗ್ (ತಿರುಗಿಸಬಲ್ಲ ಗರಿಷ್ಠ ಅಗಲ), ಹನ್ನೆರಡೋ ಹದಿನಾಲ್ಕೋ ಇಂಚು ಉದ್ದ ಅಂತ ಬರೆದಿರುತ್ತಾರಲ್ಲ, ಅದರ ಸ್ಪಿಂಡಲ್ ತೂತು ಹೆಚ್ಚಿನವುಗಳಲ್ಲಿ 20 ಮಿ.ಮೀ. ಅಂದರೆ ಜಾಯಿಂಟ್ ತುದಿ ಒಂದೇ ಒಂದು ಮಿ.ಮೀ.ನಿಂದ ಒಳಗೆ ಹೋಗಲ್ಲ. ಹಿಡಿಯ ಮಾತು ಬಿಡಿ. ಅಮೆರಿಕದ ಷೆರ್ಲೈನ್ ತರಹದ ಇನ್ನೂ ಚಿಕ್ಕ ಲೇತಿನ ತೂತು ಬರೀ 10 ಮಿ.ಮೀ., ಅದರಲ್ಲಿ ಪೂಲ್ ಸ್ಟಿಕ್ಕಿನ ಟಿಪ್ ಕಡೆಯೂ ತೂರಲ್ಲ.

ಇನ್ನೊಂದು ಮಾತು ಯಾರೂ ಹೇಳಲ್ಲ. ಸ್ಪಿಂಡಲ್ ತೂತು ಬೇರೆ, ಚಕ್ಕಿನ ತೂತು ಬೇರೆ. ಆ ಪುಟ್ಟ ಲೇತ್ ಜೊತೆ ಬರುವ 80 ಮಿ.ಮೀ. ಚಕ್ಕಿನ ನಡುವಿನ ತೂತು 16 ಮಾತ್ರ. 100ರ ಚಕ್ಕಿಗೆ 22, 125ರ ಚಕ್ಕಿಗೆ 30. ಅಂದರೆ 38 ಮಿ.ಮೀ. ಸ್ಪಿಂಡಲ್ ಇರುವ ಮಷಿನ್ ತಂದು 125ರ ಚಕ್ ಹಾಕಿದರೆ ಹಿಡಿ ಚಕ್ಕಿನಲ್ಲೇ ನಿಲ್ಲುತ್ತೆ. 160ರ ಚಕ್ ಬೇಕು, ಅದರ ತೂತು 40. ನಾನು ಮೊದಲು ತಂದ ಮಷಿನ್ನಿನಲ್ಲಿ ಇದೇ ಆಯಿತು. ಮಾರಿದವರಿಗೆ ಫೋನ್ ಮಾಡಿ ಎರಡು ಸಲ ಕೇಳಿದ್ದೆ, ಪೂಲ್ ಸ್ಟಿಕ್ ಕೆಲಸಕ್ಕೆ ಆಗುತ್ತಾ ಅಂತ. "ಎಲ್ಲಾ ಆಗತ್ತೆ ಸರ್, ತಗೊಳ್ಳಿ" ಅಂದರು. ಸ್ಟಿಕ್ ಎಷ್ಟು ದಪ್ಪ ಅಂತ ಅವರು ಕೇಳಲೇ ಇಲ್ಲ. ವಾಪಸ್ ತಗೊಳ್ಳಿ ಅಂದಾಗ ಸಾಗಾಣಿಕೆ ಖರ್ಚು ನಿಮ್ಮದೇ ಅಂದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹಾಗಂತ ಯಾದಗಿರಿ ಹುಡುಗನ ಮಷಿನ್ ದಂಡ ಅಂತಲ್ಲ. ಅವನಿಗೆ ಅವತ್ತೇ ಕೂರಿಸಿಕೊಂಡು ತೋರಿಸಿದೆ. ಅವನು ಶಾಫ್ಟನ್ನು ಮುಂದಿನಿಂದ, ದಪ್ಪ ಕಡೆಯಿಂದ ತುರುಕುತ್ತಿದ್ದ. ಹಿಂದಿನಿಂದ ಹಾಕು, ಟಿಪ್ ಮೊದಲು ಒಳಗೆ ಹೋಗಲಿ ಅಂದೆ. ಟಿಪ್ ಚಕ್ಕಿನಿಂದ ಎರಡು ಇಂಚು ಹೊರಗೆ ಬರುತ್ತೆ, ದಪ್ಪ ಜಾಯಿಂಟ್ ಹಿಂದೆ ಹೊರಗೇ ಉಳಿಯುತ್ತೆ, ಒಳಗಿರುವ ಹತ್ತಿಪ್ಪತ್ತು ಸೆಂಟಿಮೀಟರಿನಲ್ಲಿ ಶಾಫ್ಟ್ ಹದಿಮೂರು ಹದಿನಾಲ್ಕರ ಮೇಲೆ ಇರಲ್ಲ. ಆರಾಮಾಗಿ ಕೂತಿತು. ಟಿಪ್, ಫೆರೂಲ್ ಕೆಲಸ ಅದರಲ್ಲಿ ಆಗುತ್ತೆ. ಪಾರ್ಲರಿನಿಂದ ಬರುವ ಹತ್ತು ರಿಪೇರಿಯಲ್ಲಿ ಎಂಟು ಅವೇ. ಜಾಯಿಂಟ್ ಮುಖ ಕಟ್ ಮಾಡುವುದು, ಪಿನ್ ಬದಲಾಯಿಸುವುದು, ಹಿಡಿಯ ಕೆಲಸ, ಇವು ಮಾತ್ರ ಆಗಲ್ಲ.

ಆದರೆ ಹಿಂದೆ ಹೊರಗುಳಿದ ಆ ಉದ್ದದ ಬಗ್ಗೆ ಗಟ್ಟಿಯಾಗಿ ಎಚ್ಚರಿಸಬೇಕು. ಆಧಾರ ಇಲ್ಲದೆ ಮಷಿನ್ ಚಾಲೂ ಮಾಡಬೇಡಿ. ನಾನು ಶುರುವಿನಲ್ಲಿ ಒಮ್ಮೆ ಮಾಡಿದ್ದೆ. ನಿಧಾನ ಇದ್ದಾಗ ಏನೂ ಇಲ್ಲ. ವೇಗ ಏರಿಸುತ್ತಿದ್ದಂತೆ ಹಿಂದಿನ ತುದಿ ಮೊದಲು ಸಣ್ಣಗೆ ನಡುಗಿತು, ಒಂದು ಕ್ಷಣದಲ್ಲಿ ಚಾಟಿ ಬೀಸಿದ ಹಾಗೆ ಬಾಗಿ ಸುತ್ತತೊಡಗಿತು. ಸ್ವಿಚ್ ಒತ್ತುವಷ್ಟರಲ್ಲಿ ಗೋಡೆಗೆ ಬಡಿದು ಮೇಪಲ್ ಮರ ಉದ್ದಕ್ಕೆ ಸೀಳಿತು. ಅಕ್ಕನ ಮಗ ಪಕ್ಕದಲ್ಲೇ ನಿಂತಿದ್ದ. ಒಂದು ಅಡಿ ಆ ಕಡೆ ಇದ್ದಿದ್ದರೆ ಕಣ್ಣಿಗೇ ಬೀಳುತ್ತಿತ್ತು. ಈಗ ಹಿಂದೆ ಒಂದು ಕಬ್ಬಿಣದ ಸ್ಟ್ಯಾಂಡ್ ಇದೆ, ಮೇಲೆ ದೊಡ್ಡ ಬಾಲ್ ಬೇರಿಂಗ್, ಅದರೊಳಗೆ ನೈಲಾನ್ ಬುಶ್. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಲೇತ್ ತಂದ ದಿನವೇ ಅದನ್ನೂ ಮಾಡಿಸಿ.

ಹೊಸದೇ ಬೇಕು ಅನ್ನುವವರು ಸ್ಪಿಂಡಲ್ 38 ಮಿ.ಮೀ. ಇರುವ ಎಂಟು ಇಂಚು ಸ್ವಿಂಗಿನ ಮಾದರಿ ಹುಡುಕಿ, ಸಿಗುತ್ತವೆ. ಬೆಲೆ ಜಾಸ್ತಿ. ನನ್ನ ಮನಸ್ಸಿನಲ್ಲಿರುವುದು ಬೇರೆ. ನಮ್ಮೂರಿನ ಶೆಡ್ಡುಗಳಲ್ಲಿ ಹಳೇ ನಾಲ್ಕೂವರೆ ಅಡಿ ಲೇತುಗಳು ಎಷ್ಟೋ ಸುಮ್ನೆ ನಿಂತಿವೆ. ಬಟಾಲಾ, ಲುಧಿಯಾನಾ, ರಾಜಕೋಟ್ ಕಡೆಯಿಂದ ಬಂದಂಥವು, ಬೆಲ್ಟಿನವು. ಇವುಗಳನ್ನು ಬೆಡ್ ಉದ್ದದ ಲೆಕ್ಕದಲ್ಲಿ ಮಾರುತ್ತಾರೆ, ಆದರೆ ತೂತು ಒಂದೂವರೆ ಇಂಚು ಇರುವುದು ಸಾಮಾನ್ಯ, ಎರಡು ಇಂಚಿನದೂ ಸಿಗುತ್ತೆ. ಒಂದೂವರೆ ಇಂಚು ಅಂದರೆ 38 ಮಿ.ಮೀ., ಪೂಲ್ ಸ್ಟಿಕ್ಕಿನ ಹಿಡಿಯೇ ಹಾದು ಹೋಗುತ್ತೆ! ನಾನು ಈಗ ಕೆಲಸ ಮಾಡುವುದು ಅಂಥದ್ದರಲ್ಲೇ. ತೊಂದರೆಯೂ ಇದೆ, ಮುಚ್ಚಿಡಲ್ಲ. ಭಾರ ವಿಪರೀತ, ಮನೆಯ ಮಹಡಿ ಮೇಲೆ ಇಡೋಕಾಗಲ್ಲ. ಹೆಚ್ಚಿನವು ಮೂರು ಫೇಸಿನ ಮೋಟಾರಿನವು, ಮನೆಯ ಸಿಂಗಲ್ ಫೇಸಿಗೆ ಮೋಟಾರ್ ಬದಲಿಸಬೇಕು, ಇಲ್ಲವೇ ಡ್ರೈವ್ (ಸಿಂಗಲ್ ಫೇಸಿನಿಂದ ಮೂರು ಫೇಸಿನ ಮೋಟಾರ್ ಓಡಿಸುವ ಪೆಟ್ಟಿಗೆ) ಹಾಕಿಸಬೇಕು. ಡ್ರೈವ್ ಹಾಕಿಸಿದರೆ ವೇಗವೂ ಕೈಗೆ ಸಿಗುತ್ತೆ, ನನ್ನ ಮಟ್ಟಿಗೆ ಅದೇ ಒಳ್ಳೆಯದು. ಮತ್ತೆ ಸ್ಪಿಂಡಲ್ ಬೇರಿಂಗ್ ಸವೆದಿದೆಯಾ ಅಂತ ನೋಡಲೇಬೇಕು. ಒಂದು ನೇರವಾದ ಬ್ರೈಟ್ ರಾಡ್ ಚಕ್ಕಿಗೆ ಕಚ್ಚಿಸಿ, ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಹಚ್ಚಿ, ರಾಡನ್ನು ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಮುಳ್ಳು ಸಡಿಲವಾಗಿ ಎದ್ದು ಬಿದ್ದರೆ, ಅಥವಾ ಹೋಗಿ ವಾಪಸ್ ಬರದಿದ್ದರೆ ಬೇರಿಂಗ್ ಸಡಿಲ ಆಗಿದೆ, ಇಲ್ಲವೇ ಸವೆದಿದೆ. ಸುಮ್ನೆ ತಿರುಗಿಸಿದಾಗ ಮುಳ್ಳು ಐದಾರು ನೂರಂಶ ಮಿ.ಮೀ. ಆಡಿದರೆ ಹೆದರಬೇಡಿ. ಮೂರು ಹಲ್ಲಿನ ಚಕ್ಕಿನಲ್ಲಿ ಅಷ್ಟು ಇದ್ದೇ ಇರುತ್ತೆ, ಮರವೂ ಅದಕ್ಕಿಂತ ದುಂಡಗಿರಲ್ಲ.

ಬೀದರಿನವರಿಗೆ ಲೇತ್ ಕೆಲಸ ಹೊಸದೇನಲ್ಲ. ಬಿದರಿ ಕೆಲಸದವರು ಎರಕ ಹೊಯ್ದ ಪಾತ್ರೆಯನ್ನು ಬೆಳ್ಳಿ ಕೂರಿಸುವ ಮೊದಲು ಲೇತಿನಲ್ಲಿ ಹಿಡಿದು ನುಣುಪು ಮಾಡುತ್ತಾರೆ. ಸತುವಿನ ಆ ತೆಳು ಹೂಜಿಯನ್ನು ಗಾಯ ಆಗದಂತೆ ಹಿಡಿಯುವ ಕೈಗೆ ಸ್ಟಿಕ್ ಹಿಡಿಯುವುದು ಕಷ್ಟ ಆಗಲ್ಲ. ಬೀದರಿನ ಹುಡುಗರು ಈ ಕೆಲಸಕ್ಕೆ ಬಂದರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ ಅಂತ ನನಗೆ ಅನಿಸುತ್ತೆ.

ಗಾಯದ ಮಾತು ಬಂತಲ್ವಾ. ಚಕ್ಕಿನ ಉಕ್ಕಿನ ಹಲ್ಲು ಮರವನ್ನು ನೇರವಾಗಿ ಕಚ್ಚಬಾರದು. ಮೂರು ಗೀರು ಬಿದ್ದರೆ ಗಿರಾಕಿ ಮತ್ತೆ ಬರಲ್ಲ. ಬಿಳಿ ನೈಲಾನ್ ರಾಡ್ ತಂದು, ನಡುವೆ 13 ಮಿ.ಮೀ. ಬೋರ್ ಮಾಡಿ, ಒಂದು ಬದಿ ಹ್ಯಾಕ್ಸಾದಿಂದ ಸೀಳಿ. ಅದೇ ಕಾಲೆಟ್, ಮರಕ್ಕೂ ಹಲ್ಲಿಗೂ ನಡುವೆ ಕೂರುವ ಬಳೆ. ಹೀಗೆ ಹತ್ತು, ಹನ್ನೆರಡು, ಹದಿಮೂರು, ಇಪ್ಪತ್ತೊಂದು ಅಂತ ಐದಾರು ಮಾಡಿಟ್ಟುಕೊಂಡರೆ ಜೀವಮಾನಕ್ಕೆ ಸಾಕು.

ಟಿಪ್ ಹಾಕುವುದನ್ನು ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ. ಹಳೇ ಟಿಪ್ಪನ್ನು ಲೇತಿನಲ್ಲೇ ತೆಗೆದು, ಫೆರೂಲ್ ಮುಖವನ್ನು ಕೂದಲೆಳೆಯಷ್ಟು ಮಾತ್ರ ಫೇಸ್ ಮಾಡಿ, ಅಂದರೆ ಸಪಾಟಾಗಿ ಕಡೆಯಿರಿ. ಹಳೇ ಅಂಟಿನ ಹೊಳಪು ಹೋಗಿ ಮುಖ ಒಂದೇ ಬಣ್ಣ ಆದರೆ ನಿಲ್ಲಿಸಿ. ಹೊಸ ಟಿಪ್ಪಿನ ಬೆನ್ನನ್ನು ಗಾಜಿನ ಮೇಲೆ ಇಟ್ಟ ಮರಳು ಕಾಗದಕ್ಕೆ ನಾಲ್ಕು ಸಲ ಉಜ್ಜಿ, ಸಪಾಟಾಗಲಿ. ನೀರಿನಂತೆ ಹರಿಯುವ ಅಂಟು ಬೇಡ, ಚರ್ಮ ಅದನ್ನು ಕುಡಿದು ಕಲ್ಲಾಗುತ್ತೆ. ಜೆಲ್ ತರಹದ ಗಟ್ಟಿ ಸೂಪರ್ ಗ್ಲೂ ತಗೊಳ್ಳಿ, ಒಂದು ಹನಿ ಸಾಕು. ಟಿಪ್ ಇಟ್ಟು ಲೇತಿನ ಎದುರು ತುದಿಯ ಟೇಲ್‌ಸ್ಟಾಕಿನಿಂದ ಒಂದು ಚಪ್ಪಟೆ ಮರದ ತುಂಡು ತಂದು ಮೆತ್ತಗೆ ಒತ್ತಿ ಹಿಡಿಸಿ. ಇಲ್ಲಿ ಲೇತಿನ ಬೆಲೆ ಗೊತ್ತಾಗುತ್ತೆ, ಕೈಯಿಂದ ಒತ್ತಿದರೆ ಎಂದೂ ಅಷ್ಟು ನೆಟ್ಟಗೆ ಕೂರಲ್ಲ. ಅಂಟು ಹಿಡಿದ ಮೇಲೆ ಫೆರೂಲ್ ಸುತ್ತ ಟೇಪ್ ಸುತ್ತಿ. ಟೂಲು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಇರಲಿ, ಎಣ್ಣೆ ಕಲ್ಲಿನ ಮೇಲೆ ಮಸೆದು ಕೈಯ ಕೂದಲು ಬೋಳಿಸುವಷ್ಟು ಚೂಪು ಮಾಡಿ. ಕಬ್ಬಿಣಕ್ಕೆ ಬಳಸುವ ಕಾರ್ಬೈಡ್ ಟೂಲು ಚರ್ಮವನ್ನು ಕತ್ತರಿಸಲ್ಲ, ಹರಿಯುತ್ತೆ. ಐದಾರು ನೂರು ಆರ್‌ಪಿಎಮ್ ಸಾಕು. ಟಿಪ್ಪಿನ ಕಡೆಯಿಂದ ಫೆರೂಲಿನ ಕಡೆಗೆ ತಗೊಳ್ಳಿ, ಆಗ ಟೂಲು ಚರ್ಮವನ್ನು ಕೆಳಗೆ ಒತ್ತಿಕೊಂಡೇ ಹೋಗುತ್ತೆ, ಪದರ ಏಳಲ್ಲ. ಚೂಪು ಸರಿಯಿದ್ದರೆ ನೀಲಿ ಚರ್ಮ ಪೆನ್ಸಿಲ್ ಸಿಪ್ಪೆಯ ಹಾಗೆ ಒಂದೇ ಎಳೆಯಾಗಿ ಸುರುಳಿ ಸುತ್ತಿ ಬೀಳುತ್ತೆ. ಪುಡಿ ಪುಡಿ ಬಂದರೆ ನಿಲ್ಲಿಸಿ ಮತ್ತೆ ಮಸೆಯಿರಿ. ಕೊನೆಗೆ ಅಂಚಿಗೆ ಒಂದು ಚರ್ಮದ ತುಂಡು ಒತ್ತಿ ಹೊಳಪು ಕೊಡುವಾಗ ಜಾಸ್ತಿ ಹೊತ್ತು ಹಿಡಿಯಬೇಡಿ. ಬಿಸಿಗೆ ಈ ಅಂಟು ಮೆತ್ತಗಾಗುತ್ತೆ. ಇದೇ ಕಾರಣಕ್ಕೆ ನಮ್ಮ ಮೇ ತಿಂಗಳ ಬಿಸಿಲಲ್ಲಿ, ನಲವತ್ತು ದಾಟಿದಾಗ, ಸ್ಟಿಕ್ ಕಾರಿನೊಳಗೆ ಬಿಟ್ಟು ಹೋದರೆ ಟಿಪ್ ಬಿಡುತ್ತೆ, ಮರವೂ ಬಾಗುತ್ತೆ. ಆಮೇಲೆ ನಮ್ಮ ಮೇಲೆ ಜಗಳಕ್ಕೆ ಬರುತ್ತಾರೆ.

ಹಿಡಿಗೆ ದಾರ ಸುತ್ತುವ ಕೆಲಸಕ್ಕೆ ಮಾತ್ರ ತೀರಾ ನಿಧಾನ ಬೇಕು, ಎರಡೂ ಕೈ ಖಾಲಿ ಇರಬೇಕು. ಅದಕ್ಕೆ ಹೊಲಿಗೆ ಮಷಿನ್ನಿನ ಮೋಟಾರೂ ಕಾಲಿನ ಪೆಡಲೂ ಚೆನ್ನಾಗಿ ಒಗ್ಗುತ್ತವೆ. ಎರಡು ಮರದ ಆಧಾರದ ಮೇಲೆ ಹಿಡಿ ಮಲಗಿಸಿ, ಬೆಲ್ಟ್ ಹಾಕಿ ತಿರುಗಿಸಿದರೆ ಆಯಿತು, ಇದಕ್ಕೆ ಲೇತೇ ಬೇಡ. ಪೂರ್ತಿ ಶಾಫ್ಟ್ ಒರೆಸಿ ಹೊಳಪು ಮಾಡುವುದಕ್ಕೂ ಬಡಿಗೇರ ಹತ್ತಿರ ಇರುವ ತೊಟ್ಟಿಲ ಕಾಲು ಮಾಡುವ ಉದ್ದ ಲೇತ್ ಸಾಕು. ಇಂಥ ಕೆಲಸಕ್ಕೋಸ್ಕರ ಉದ್ದ ಬೆಡ್ಡಿನ ಮಷಿನ್ ಕೊಳ್ಳಬೇಡಿ.

ಲೇತ್ ಮುಂದೆ ಕೈಗೆ ಗ್ಲೌಸ್ ಬೇಡ, ತೋಳು ಮಡಚಿ, ಕೊರಳಲ್ಲಿ ಟವೆಲ್ ಇರಬಾರದು. ಕಾರ್ಬನ್ ಫೈಬರ್ ಶಾಫ್ಟ್ ಬಂದರೆ ಒಳ್ಳೆ ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಅದರ ಪುಡಿ ಎದೆಗೆ ಕೆಟ್ಟದ್ದು, ಚರ್ಮಕ್ಕೆ ತಾಗಿದರೆ ದಿನವೆಲ್ಲ ಕೆರೆತ.

ಸಂಪಾದಕರೆ, ನಿಮ್ಮ ಪತ್ರಿಕೆಯ ಮೂಲಕ ನನ್ನದೊಂದು ಬೇಡಿಕೆ ಇದೆ. ನಮ್ಮ ಮೂರೂ ಜಿಲ್ಲೆಯ ಐಟಿಐಗಳಲ್ಲಿ ಟರ್ನರ್ ಟ್ರೇಡ್ ಕಲಿಸುವ ಮೇಷ್ಟ್ರುಗಳು ವರ್ಷಕ್ಕೆ ಒಂದು ದಿನ ಆದರೂ ಮರ, ನೈಲಾನ್, ಚರ್ಮ ಕಟ್ ಮಾಡುವುದನ್ನು ಮಕ್ಕಳಿಗೆ ತೋರಿಸಲಿ. ನಾನು ಮೆತ್ತಗಿನ ಉಕ್ಕಿನಲ್ಲೇ ಕಲಿತವನು. ಮೊದಲ ಟಿಪ್ಪನ್ನು ಉಕ್ಕಿಗೆ ಮಸೆದ ಟೂಲಿನಿಂದ ಕಟ್ ಮಾಡಲು ಹೋಗಿ ಚೂರು ಚೂರು ಮಾಡಿದೆ. ಯಾರಾದರೂ ಕರೆದರೆ ನನ್ನ ಕಾಲೆಟ್ಟು, ಟೂಲು ಎಲ್ಲಾ ತಗೊಂಡು ಬಂದು ತೋರಿಸೋಕೆ ನಾನು ತಯಾರಿದ್ದೇನೆ, ದುಡ್ಡು ಬೇಡ.

ಯಾದಗಿರಿ ಹುಡುಗ ಅವತ್ತು ಸಂಜೆ ಏಳರ ತನಕ ನಮ್ಮ ಶೆಡ್ಡಿನಲ್ಲೇ ಇದ್ದ. ಮೂರು ಟಿಪ್ ಹಾಳು ಮಾಡಿದ. ನಾಲ್ಕನೆಯದು ನೆಟ್ಟಗೆ ಕೂತಿತು. ಹಿಂದಿನ ಆಧಾರಕ್ಕೆ ನನ್ನ ಹತ್ತಿರ ಇದ್ದ ಹಳೇ ಬೇರಿಂಗ್ ಒಂದನ್ನು ಕೊಟ್ಟು ಕಳಿಸಿದ್ದೇನೆ. ಜಾಯಿಂಟ್ ಕೆಲಸ ಬಂದರೆ ನಮ್ಮ ಲೇತಿಗೇ ತಾ ಅಂತ ಹೇಳಿದ್ದೇನೆ.

ಇಂತಿ,
ಕಪನೂರಿನ ಒಬ್ಬ ಟರ್ನರ್,
ಕಲಬುರಗಿ